ಬೇಟೆಯ ನೆವದ ಗುರಿಯಾಟ

ಶಿಕಾರಿಗೆ ಹೊರಡುವ ಎಂಟು ದಿನ ಮುಂಚಿತವಾಗಿ ಊರ ಹೊರಗಿನ ಬಯಲಿಗೆ ರೈಫಲುಗಳನ್ನು ಹೊತ್ತೊಯ್ದು, ಬರಿದಾದ ಬಾಟಲಿಗಳನ್ನೂ ಒಡಕು ಕೊಡಗಳನ್ನೂ ಸಾಲಾಗಿ ನಿಲ್ಲಿಸಿ ಗುಂಡು ಹಾರಿಸುವದು ಪೌರುಷದ ಲಕ್ಷಣವೆಂದೂ, ಅದನ್ನು ಆಕ್ಷೇಪಿಸುವವರು ಹೇಡಿಗಳೆಂದೂ ವಾದಿಸುವ ಜನ ನಮ್ಮ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಬ್ಯಾಡಗಿಯ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಈ ವಾದವನ್ನು ಕೇಳಿದ ವಾಚಕರು ಹಲವರಿರಬೇಕು. ಇವರ ಪಕ್ಷಕ್ಕೆ ಮೂರು ಆಧಾರಗಳು: ಬೇಟೆಯು ನಮ್ಮ ಪೂರ್ವಜರ ಸಂಪ್ರದಾಯವೆಂಬದು ಒಂದು, ಚಿಗರಿಯೂ ಹಂದಿಯೂ ಒಕ್ಕಲಿಗನ ಬೆಳೆಯನ್ನು ಹಾಳುಮಾಡುವದರಿಂದ ಅವನ್ನು ಕೊಲ್ಲುವದು ಪರೋಪಕಾರವೆಂಬದು ಎರಡು, ಶಸ್ತ್ರಾಭ್ಯಾಸವಿಲ್ಲದ ಜನಾಂಗವು ಷಂಡವಾಗುವದೆಂಬದು ಮೂರು. ಮೂರನೆಯ ಮಾತಿನಲ್ಲಿ ನಮಗೂ ಅರ್ಧ ಸಮ್ಮತಿಯುಂಟು. ಆದುದರಿಂದಲೇ ಈ ವಿಷಯವನ್ನು ಹಗುರಾಗಿ ತಳ್ಳಿಬಿಡದೆ ಬರೆಯಲು ಕುಳಿತಿದ್ದೇವೆ.

ಮೊದಲು ಅಭ್ಯಾಸವೆಂದರೇನೆಂಬದನ್ನು ನೋಡೋಣ. ಬಾಟಲಿ ಒಡೆಯುವದು ಅಭ್ಯಾಸವಲ್ಲ, ಆಟ. ರೈಫಲು ಹಿಡಿಯುವವನು ಮೊದಲು ಮಾಡಬೇಕಾದ ಕೆಲಸವು ಆಯುಧವನ್ನು ಮರಳಿನ ಚೀಲದ ಮೇಲಿಟ್ಟು, ತಾನು ಮುಂದೆ ಬಳಸಲಿರುವ ತೋಟೆಯಿಂದಲೇ ಮೂರು ಅಥವಾ ಐದು ಗುಂಡುಗಳನ್ನು ಒಂದೇ ಬಿಂದುವಿಗೆ ಹಾರಿಸಿ, ಅವು ಕಾಗದದ ಮೇಲೆ ಎಲ್ಲಿ ಗುಂಪುಗೂಡಿವೆಯೆಂದು ಅಳೆಯುವದು. ಗುಂಪು ಬಿಗಿಯಾಗಿದ್ದೂ ಬಿಂದುವಿನಿಂದ ದೂರ ಬಿದ್ದಿದ್ದರೆ ದೋಷವು ಆಯುಧದ ಗುರಿಕಟ್ಟಿನದು. ಗುಂಪೇ ಚದರಿದ್ದರೆ ದೋಷವು ಹಾರಿಸಿದವನದು. ಆಮೇಲೆ ಮಲಗಿ, ಕುಳಿತು, ಮೊಣಕಾಲೂರಿ, ಕಟ್ಟಕಡೆಗೆ ನಿಂತು ಹಾರಿಸಿ ನೋಡಬೇಕು. ಮಲಗಿ ಹಾರಿಸಿದಾಗ ಅಂಗೈಯಗಲದಲ್ಲಿ ಕೂಡಿ ಬಿದ್ದ ಗುಂಡುಗಳು ನಿಂತು ಹಾರಿಸಿದಾಗ ಮೊರದಗಲಕ್ಕೆ ಹರಡುವದನ್ನು ಕಂಡವನಿಗೆ ತನ್ನ ಶಕ್ತಿಯ ಮಿತಿ ತಿಳಿಯುತ್ತದೆ. ಉಸಿರನ್ನು ಅರ್ಧ ಬಿಟ್ಟು ತಡೆಹಿಡಿಯುವದು, ಕುದುರೆಯನ್ನು ಜಗ್ಗದೆ ಮೆಲ್ಲಗೆ ಒತ್ತುವದು, ಸದ್ದಿಗೆ ಮೊದಲೇ ಕಣ್ಣು ಮುಚ್ಚಿ ಭುಜ ಕೊಡಹುವ ಚಾಳಿಯನ್ನು ಬಿಡುವದು, ಇವೆಲ್ಲ ಎಂಟು ದಿನಗಳಲ್ಲಿ ಬರುವ ವಿದ್ಯೆಗಳಲ್ಲ. ಈ ಕೊನೆಯ ಚಾಳಿಯನ್ನು ಹಿಡಿಯಲು ಉಸ್ತಾದರು ಒಂದು ಉಪಾಯ ಮಾಡುತ್ತಾರೆ. ಶಿಷ್ಯನಿಗೆ ತಿಳಿಯದಂತೆ ನಡುವೆ ಒಂದು ಸಲ ಬರಿಯ ಕೊಳವೆಯ ತೋಟೆಯನ್ನು ತುಂಬಿ ಕೊಡುವದು. ಸದ್ದೇ ಆಗದ ಆ ಗುಂಡಿಗೂ ಶಿಷ್ಯನ ಭುಜ ನೆಗೆಯಿತೆಂದರೆ ಅವನ ಇಡೀ ಪೌರುಷವು ಅಲ್ಲಿಯೇ ಬಯಲಾಗುತ್ತದೆ.

ಬೇಟೆಯನ್ನು ಕಾಯಿದೆಯಿಂದಲೇ ಒಪ್ಪಿರುವ ದೇಶಗಳು ಈ ವಿದ್ಯೆಯನ್ನು ಎಷ್ಟು ಕಟ್ಟುನಿಟ್ಟಾಗಿ ಕಾಣುತ್ತವೆಂಬದನ್ನು ನಮ್ಮ ಶಿಕಾರಿ ಮಹಾಶಯರು ತಿಳಿದಂತಿಲ್ಲ. ಜರ್ಮನಿಯಲ್ಲಿ ಬೇಟೆಯ ಪರವಾನಗಿ ಬೇಕಾದವನು ಬರವಣಿಗೆಯ ಪರೀಕ್ಷೆ, ಬಾಯಿ ಪರೀಕ್ಷೆ, ಗುರಿಯ ಪರೀಕ್ಷೆಗಳೆಲ್ಲವನ್ನೂ ದಾಟಬೇಕು. ನಾರ್ವೆಯಲ್ಲಿ ದೊಡ್ಡ ಮೃಗಗಳ ಬೇಟೆಗೆ ಹೋಗುವವನು ವರ್ಷ ವರ್ಷವೂ ಗುರಿಯ ಪರೀಕ್ಷೆ ಕೊಡಬೇಕು. ನೂರು ಮೀಟರು ದೂರದ ಗುರಿಯಲ್ಲಿ ಐದು ಗುಂಡುಗಳೂ ಗೊತ್ತಾದ ವರ್ತುಲದೊಳಗೆ ಬೀಳಬೇಕು. ನಾಲ್ಕು ಒಳಗೆ ಬಿದ್ದು ಒಂದು ಹೊರಗೆ ಬಿದ್ದರೆ ಆತನು ಅನುತ್ತೀರ್ಣ. ಗಾಯಗೊಂಡ ಮೃಗವು ಕಾಡಿನೊಳಗೆ ಹೋಗಿ ಮೂರು ದಿನ ನರಳಿ ಸಾಯಬಾರದೆಂಬದೇ ಇದರ ಕಾರಣ. ಚಿಗರಿಯ ಹೃದಯ ಪುಪ್ಪುಸಗಳಿರುವ ಠಾವು ಒಂದು ಊಟದ ತಟ್ಟೆಗಿಂತ ಚಿಕ್ಕದು. ಓಡುವ ಜೀಪಿನಿಂದ, ರಾತ್ರಿಯ ದೀಪದ ಬೆಳಕಿನಲ್ಲಿ, ಎಂಟು ದಿನದ ಬಾಟಲಿಯಾಟದ ಬಲದ ಮೇಲೆ ಆ ತಟ್ಟೆಗೆ ಗುರಿಯಿಡುವವನು ಶಿಕಾರಿಯಲ್ಲ, ಕಟುಕ. ಅಲ್ಲ, ಕಟುಕನಿಗೂ ಕೈಯ ಅಳತೆಯಿರುತ್ತದೆ.

ಇನ್ನು ಸ್ಥಳದ ವಿಷಯ. ರಾಣೆಬೆನ್ನೂರು ಬ್ಯಾಡಗಿಗಳ ನೆಲವು ಬಹುಭಾಗ ಬಯಲು. ಸೈನಿಕರ ಗುರಿಯ ಮೈದಾನದಲ್ಲಿ ಹಿಂದೆ ಎತ್ತರದ ಮಣ್ಣಿನ ಒಡ್ಡು ಇರುವದು ಅಲಂಕಾರಕ್ಕಲ್ಲ. ಇಪ್ಪತ್ತೆರಡರ ಅಳತೆಯ ಅತಿ ಸಣ್ಣ ಗುಂಡೂ ಒಂದು ಮೈಲಿಗೆ ಮೀರಿ ಹಾರಬಲ್ಲದು. ಬಂಗಾಲದ ಇಛಾಪುರದ ಸರಕಾರಿ ಕಾರಖಾನೆಯಲ್ಲಿ ತಯಾರಾಗುವ ಮುನ್ನೂರಹದಿನೈದರ ರೈಫಲಿನ ಗುಂಡು ಅದಕ್ಕಿಂತ ಬಹುದೂರ ಹೋಗುವದು. ಬಾಟಲಿಗೆ ತಗಲದ ಗುಂಡು ಎಲ್ಲಿ ಹೋಗಿ ಬಿದ್ದಿತೆಂದು ಹಾರಿಸಿದವನು ಎಂದಾದರೂ ವಿಚಾರಿಸಿದ್ದಾನೆಯೇ? ಬಾಟಲಿಯ ಹಿಂದೆ ಗೋವಿನಜೋಳದ ಹೊಲ, ಹೊಲದ ಆಚೆ ಕುರಿಹಿಂಡು, ಹಿಂಡಿನ ಆಚೆ ಮೆಣಸಿನಕಾಯಿ ಒಣಹಾಕಿದ ಕಣ, ಕಣದಲ್ಲಿ ತೊಟ್ಟು ಮುರಿಯುತ್ತ ಕುಳಿತ ಹೆಣ್ಣುಮಕ್ಕಳು. ಈ ಸಾಲನ್ನು ಕಣ್ಣಿಗೆ ತಂದುಕೊಂಡ ಯಾವ ಶಾಲಾ ಮಾಸ್ತರನಾದರೂ ತನ್ನ ವಿದ್ಯಾರ್ಥಿಗಳಿಗೆ ಈ ಆಟವನ್ನು ಪೌರುಷವೆಂದು ಹೇಳಲಾರನು.

ಸಂಪ್ರದಾಯದ ವಾದಕ್ಕೆ ಬರುವಾ. ಬೇಟೆಯು ಕನ್ನಡಿಗರಿಗೆ ಹೊಸದಲ್ಲವೆಂಬದು ನಿಜ. ಕಲ್ಯಾಣದ ಚಾಲುಕ್ಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ದೀರ್ಘವಾದ ಭಾಗವನ್ನೇ ಮೀಸಲಿಟ್ಟಿದ್ದಾನೆ. ಆತಕೂರಿನ ಹತ್ತನೆಯ ಶತಮಾನದ ವೀರಗಲ್ಲು ಹಂದಿಯೊಡನೆ ಹೋರಾಡಿ ತಾನೂ ಮಡಿದ ಕಾಳಿಯೆಂಬ ನಾಯಿಯ ಸ್ಮಾರಕ. ನಾಯಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟ ಜನಾಂಗವು ನಮ್ಮದು. ಆದರೆ ಆ ಕಲ್ಲನ್ನು ಯಾರ ಶೌರ್ಯಕ್ಕಾಗಿ ನಿಲ್ಲಿಸಿದರೆಂಬದನ್ನು ಗಮನಿಸಬೇಕು. ಮೈಲಿ ದೂರದಿಂದ ಹಂದಿಯನ್ನು ಸುಟ್ಟವನಿಗಲ್ಲ, ಅದರ ಕೋರೆಗೆ ಎದೆಯೊಡ್ಡಿದ ಪ್ರಾಣಿಗೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿಯೂ ಅರಸನು ಬೇಟೆಗೆ ಹೊರಡುತ್ತಾನೆ. ಹೊರಟದ್ದು ಮೃಗಗಳು ಪ್ರಜೆಗಳನ್ನು ಪೀಡಿಸುತ್ತಿವೆಯೆಂಬ ಮೊರೆಯನ್ನು ಕೇಳಿ. ಆ ಬೇಟೆಯು ಅವನನ್ನು ಎಲ್ಲಿಗೆ ಒಯ್ದಿತೆಂಬದು ಶಾಲೆಯ ಹುಡುಗರಿಗೂ ಗೊತ್ತು.

ಆದರೆ ನಮ್ಮ ಪುರಾಣಗಳಲ್ಲಿ ಗುರಿಯ ಅಭ್ಯಾಸದ ನಿಜವಾದ ಪಾಠವಿರುವದು ದಶರಥನ ಕಥೆಯಲ್ಲಿ. ಅವನ ಕೈಗೆ ಅಭ್ಯಾಸವೇನು ಕಡಿಮೆಯೇ? ಕಣ್ಣಿಗೆ ಕಾಣದ ಗುರಿಯನ್ನು ಸದ್ದಿನಿಂದಲೇ ಭೇದಿಸುವ ಶಬ್ದವೇಧಿಯನ್ನು ಸಾಧಿಸಿದ್ದನು. ಕತ್ತಲೆಯಲ್ಲಿ ನದಿಯ ದಡದಿಂದ ಆನೆ ನೀರು ಕುಡಿಯುವ ಸದ್ದೆಂದು ಬಾಣ ಬಿಟ್ಟನು. ಬಾಣವು ಗುರಿ ತಪ್ಪಲಿಲ್ಲ. ಸತ್ತದ್ದು ಕುರುಡ ತಂದೆತಾಯಿಗಳಿಗಾಗಿ ಕೊಡ ತುಂಬುತ್ತಿದ್ದ ಹುಡುಗ. ಇಂದು ಜಗತ್ತಿನ ಯಾವ ಗುರಿಮೈದಾನದಲ್ಲಿಯಾದರೂ ಮೊದಲ ದಿನ ಕಲಿಸುವ ನಿಯಮವೆಂದರೆ, ಗುರಿಯೇನೆಂದು ಕಣ್ಣಾರೆ ನಿಶ್ಚಯವಾಗುವವರೆಗೂ, ಗುರಿಯ ಹಿಂದೆ ಏನಿದೆಯೆಂದು ತಿಳಿಯುವವರೆಗೂ ಕುದುರೆಯ ಮೇಲೆ ಬೆರಳಿಡಬೇಡವೆಂಬದು. ಕೊಡಗು ಮಲೆನಾಡುಗಳಲ್ಲಿ ರಾತ್ರಿಯ ಬೇಟೆಗೆ ಹೋದವರು ಪೊದೆಯ ಅಲುಗಾಟವನ್ನು ಹಂದಿಯೆಂದು ಬಗೆದು ತಮ್ಮ ಜೊತೆಗಾರನನ್ನೇ ಸುಟ್ಟ ಸುದ್ದಿಗಳು ವೃತ್ತಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಸಂಪ್ರದಾಯವನ್ನು ಎತ್ತಿಹಿಡಿಯುವವರು ಸಂಪ್ರದಾಯದ ಈ ಕಥೆಯನ್ನು ಏಕೆ ಮರೆಯುತ್ತಾರೋ ನಾವರಿಯೆವು.

ಚಿಗರಿಯ ವಿಷಯವಾಗಿ ಇನ್ನೊಂದು ಮಾತು. ಕೃಷ್ಣಮೃಗವು ಸ್ವೇಚ್ಛೆಯಿಂದ ತಿರುಗಾಡುವ ನಾಡೇ ಯಜ್ಞಕ್ಕೆ ಯೋಗ್ಯವಾದ ನಾಡೆಂದು ಮನುಸ್ಮೃತಿಯಲ್ಲಿ ಬರೆದಿದೆ. ಸ್ಮೃತಿಯ ಮಿಕ್ಕ ಮಾತುಗಳನ್ನು ನಾವು ಒಪ್ಪುವೆವೋ ಬಿಡುವೆವೋ, ಆ ಅಳತೆಯಿಂದ ರಾಣೆಬೆನ್ನೂರಿನ ಸೀಮೆಗೆ ಕುಂದಿಲ್ಲ. ೧೯೭೪ರಲ್ಲಿ ಇಲ್ಲಿಯ ೧೧೯ ಚದರ ಕಿಲೋಮೀಟರು ನೆಲವನ್ನು ಕೃಷ್ಣಮೃಗಗಳ ಅಭಯಧಾಮವೆಂದು ಸಾರಲಾಯಿತು. ಅದಕ್ಕೆ ಎರಡು ವರ್ಷ ಮೊದಲು, ೧೯೭೨ರಲ್ಲಿ, ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತ್ತು. ೧೯೯೧ರ ತಿದ್ದುಪಡಿಯಿಂದ ವಿನೋದದ ಬೇಟೆಗೆ ಉಳಿದಿದ್ದ ಸಂದುಗಳೂ ಮುಚ್ಚಿದವು. ಕೃಷ್ಣಮೃಗವು ಆ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿದೆ. ಅದನ್ನು ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ ಸೆರೆಯುಂಟು. ೧೯೯೮ರಲ್ಲಿ ಜೋಧಪುರದ ಬಳಿ ಚಿಗರಿಯನ್ನು ಕೊಂದ ಆರೋಪದಲ್ಲಿ ಹೆಸರಾಂತ ಚಿತ್ರನಟನೊಬ್ಬನಿಗೆ ೨೦೧೮ರಲ್ಲಿ ಅಲ್ಲಿಯ ನ್ಯಾಯಾಲಯವು ಐದು ವರ್ಷಗಳ ಶಿಕ್ಷೆ ವಿಧಿಸಿದ್ದನ್ನು ದೇಶವೇ ಕಂಡಿತು. ಆ ಮೊಕದ್ದಮೆಯು ಇಪ್ಪತ್ತು ವರ್ಷ ಆರದೆ ಉಳಿದದ್ದು ಬಿಷ್ಣೋಯಿಗಳೆಂಬ ಒಕ್ಕಲು ಜನರ ಛಲದಿಂದ. ನಮ್ಮ ಶಿಕಾರಿಗಳು ಯಾವ ಒಕ್ಕಲಿಗನ ಹೆಸರು ಹೇಳಿ ಬಂದೂಕು ಎತ್ತುತ್ತಾರೋ ಅಂಥವನೇ ಅಲ್ಲಿ ಚಿಗರಿಯ ಪರವಾಗಿ ಸಾಕ್ಷಿ ನುಡಿದನು.

ಹಾಗೆಂದು ನಮ್ಮ ಒಕ್ಕಲಿಗನ ಕಷ್ಟವು ಸುಳ್ಳೆಂದು ನಾವು ಹೇಳುವದಿಲ್ಲ. ಮುಂಗಾರಿಗೆ ಬಿತ್ತಿದ ಗೋವಿನಜೋಳವು ಗೇಣುದ್ದ ಬೆಳೆಯುವಷ್ಟರಲ್ಲಿ ಹಿಂಡು ಬಂದು ಸುಳಿಯನ್ನು ಮೇಯ್ದು ಹೋದರೆ, ಸಾಲದ ಬೀಜ, ಸಾಲದ ಗೊಬ್ಬರ, ಎರಡೂ ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ತೆನೆ ಕಟ್ಟಿದ ಮೇಲೆ ಹಂದಿಗಳ ಸರದಿ. ಅವು ತಿನ್ನುವದಕ್ಕಿಂತ ಕೆಡವುವದೇ ಹೆಚ್ಚು. ಮಂಚಿಕೆಯ ಮೇಲೆ ಕುಳಿತು ಕವಣೆ ಬೀಸುತ್ತ, ಡಬ್ಬಿ ಬಡಿಯುತ್ತ, ಬೆಳಗಾಗುವವರೆಗೆ ಕಣ್ಣೆವೆಯಿಕ್ಕದೆ ಕಾಯುವ ಮನುಷ್ಯನಿಗೆ ಹೋಗಿ ಕಾಯಿದೆಯ ಪಟ್ಟಿಯನ್ನು ಓದಿಹೇಳುವದು ಕ್ರೌರ್ಯವೇ ಸರಿ. ಚಿಗರಿಯು ಹೊಲಕ್ಕೆ ಬರುವದಕ್ಕೆ ಒಂದು ಕಾರಣವನ್ನು ಸರಕಾರವೇ ಒದಗಿಸಿದೆ. ಚಿಗರಿಯು ಹುಲ್ಲುಗಾವಲಿನ ಪ್ರಾಣಿ; ರಾಣೆಬೆನ್ನೂರಿನ ಆ ಹುಲ್ಲುನೆಲದಲ್ಲಿ ಅರಣ್ಯಖಾತೆಯವರು ಸಾಲಾಗಿ ನೀಲಗಿರಿಯನ್ನು ನೆಟ್ಟರು. ಆ ಗಿಡದ ಕೆಳಗೆ ಹುಲ್ಲು ಹ್ಯಾಗೆ ಬೆಳೆಯಬೇಕು? ಒಮ್ಮೆ ಅಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿಯು ಆ ಬಯಲನ್ನೇ ಬಿಟ್ಟಿತು. ಹಕ್ಕಿಗೆ ರೆಕ್ಕೆಯಿತ್ತು, ಹೋಯಿತು. ಚಿಗರಿಯು ಗೋವಿನಜೋಳಕ್ಕೆ ಬಂತು.

ಆದರೆ ಜೀಪಿನ ಶಿಕಾರಿಯು ಈ ಕಷ್ಟಕ್ಕೆ ಯಾವ ಪರಿಹಾರ? ಅವನು ವರ್ಷಕ್ಕೆ ಎರಡು ರಾತ್ರಿ ಬಂದು, ಕೋಡು ಚೆಲುವಾಗಿರುವ ಗಂಡನ್ನು ಆರಿಸಿ ಕೊಂದು, ಮಾಂಸವನ್ನು ಹೇರಿಕೊಂಡು ಹೋಗುತ್ತಾನೆ. ಉಳಿದ ಮುನ್ನೂರು ಚಿಲ್ಲರೆ ರಾತ್ರಿಗಳಲ್ಲಿ ಹೊಲ ಕಾಯುವವನು ಅದೇ ಒಕ್ಕಲಿಗ. ತನಿಖೆ ಬಂದಾಗ ಸಿಕ್ಕಿಬೀಳುವವನೂ ಅವನೇ. ಏಕೆಂದರೆ ರಕ್ತ ಬಿದ್ದದ್ದು ಅವನ ಹೊಲದಲ್ಲಿ. ಪರೋಪಕಾರದ ಈ ಬಗೆಯನ್ನು ನಾವು ಬೇರೆಲ್ಲಿಯೂ ಕಾಣೆವು.

ಈಗ ಮೂರನೆಯ ವಾದ, ಶಸ್ತ್ರದ್ದು. ಇದನ್ನು ನಾವು ಮನಃಪೂರ್ವಕವಾಗಿ ಕೇಳುತ್ತೇವೆ. ಏಕೆಂದರೆ ಕನ್ನಡಿಗರ ಕೈಯಿಂದ ಶಸ್ತ್ರವನ್ನು ಕಸಿದ ಕಥೆಯು ದುಃಖದ ಕಥೆ. ೧೮೫೭ರಲ್ಲಿ ಆಂಗ್ಲ ಸರಕಾರವು ನಿಃಶಸ್ತ್ರೀಕರಣದ ಕಾಯಿದೆಯನ್ನು ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲೊಲ್ಲೆವೆಂದರು. ಬೇಟೆಯು ಅವರಿಗೆ ವಿನೋದವಾಗಿರದೆ ಬದುಕೇ ಆಗಿತ್ತು. ನವೆಂಬರದ ಕೊನೆಯಲ್ಲಿ ಸೈನ್ಯವು ಆ ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಮರುವರ್ಷ ನರಗುಂದವು ಎದ್ದಿತು, ಬಿದ್ದಿತು. ೧೮೭೮ರ ಶಸ್ತ್ರಕಾಯಿದೆಯು ಆ ನೀತಿಯನ್ನೇ ಗಟ್ಟಿಗೊಳಿಸಿತು. ಆದರೆ ಅದೇ ಕನ್ನಡನಾಡಿನ ಇನ್ನೊಂದು ತುಂಡಾದ ಕೊಡಗಿನಲ್ಲಿ, ರಾಜನಿಷ್ಠೆಗೆ ಮೆಚ್ಚಿ ೧೮೬೧ರಲ್ಲಿ ಕೊಟ್ಟ ವಿನಾಯಿತಿಯಿಂದ ಬಂದೂಕು ಮನೆಯ ಗೋಡೆಯಲ್ಲಿಯೇ ಉಳಿಯಿತು. ಹಲಗಲಿಯಲ್ಲಿ ಬಂದೂಕಿಗೆ ನೇಣು, ಕೊಡಗಿನಲ್ಲಿ ಬಂದೂಕಿಗೆ ಹೂವು! ನಾಡನ್ನು ಹರಿದು ಹಂಚಿದ್ದ ಕಾಲದಲ್ಲಿ ಒಬ್ಬ ಕನ್ನಡಿಗನ ಹಕ್ಕು ಇನ್ನೊಬ್ಬನಿಗೆ ಅಪರಾಧವಾಗಿತ್ತೆಂಬದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ. ಆ ವಿನಾಯಿತಿಯು ಇಂದಿಗೂ ಇದೆ. ೨೦೧೯ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು, ಉಚ್ಚ ನ್ಯಾಯಾಲಯವೂ ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ನಮಗೆ ಕೊಡವರ ಮೇಲೆ ಅಸೂಯೆಯಿಲ್ಲ. ಕೈಲ್‌ಪೊಳ್ದಿನ ದಿನ ಅವರು ಆಯುಧವನ್ನು ಪೂಜಿಸಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಸರದಿಯಂತೆ ಗುಂಡು ಹಾರಿಸುವರು. ಹಿರಿಯರ ಕಣ್ಣೆದುರಿಗೆ, ಹಾಡುಹಗಲಿನಲ್ಲಿ, ಊರೆಲ್ಲ ನೋಡುತ್ತಿರಲು. ಬಾಟಲಿಯ ಬಹಾದ್ದರರು ಅಲ್ಲಿಂದ ಕಲಿಯುವದು ಬಹಳವಿದೆ.

ಕಾಂಗ್ರೆಸ್ಸಿನವರು ೧೯೩೧ರ ಕರಾಚಿಯ ಠರಾವಿನಲ್ಲಿ ನಿಯಮಬದ್ಧವಾಗಿ ಶಸ್ತ್ರ ಧರಿಸುವದನ್ನು ಪ್ರಜೆಯ ಹಕ್ಕುಗಳಲ್ಲೊಂದಾಗಿ ಎಣಿಸಿದ್ದರು. ೧೯೪೮ರ ದಶಂಬರದಲ್ಲಿ ಘಟನಾ ಸಮಿತಿಯಲ್ಲಿ ಮಂಗಳೂರು ಮೂಲದ ಹರಿ ವಿಷ್ಣು ಕಾಮತರು ಅದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು, ಡಾ. ಅಂಬೇಡಕರರು ವಿರೋಧಿಸಿದರು, ತಿದ್ದುಪಡಿ ಬಿದ್ದುಹೋಯಿತು. ಬಿದ್ದದ್ದೇ ಒಳಿತಾಯಿತೆಂದು ನಮ್ಮ ಮತ. ಶರತ್ತಿಲ್ಲದ ಹಕ್ಕು ಮೊದಲು ಸಲ್ಲುವದು ಹಣವಂತನಿಗೆ, ಆಮೇಲೆ ಪುಂಡನಿಗೆ. ಮಂಚಿಕೆಯ ಮೇಲಿನ ಒಕ್ಕಲಿಗನ ಸರದಿ ಬರುವಷ್ಟರಲ್ಲಿ ಬೆಳೆಯೂ ಇರುವದಿಲ್ಲ. ಈ ತಾಲೂಕಿನ ಜನ ಬಂದೂಕಿನ ಇನ್ನೊಂದು ಮುಖವನ್ನೂ ಬಲ್ಲರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೩೦ರಲ್ಲಿ ಮಹಾತ್ಮರ ಜೊತೆಗೆ ದಂಡಿಗೆ ನಡೆದವರು. ೧೯೪೩ರ ಎಪ್ರಿಲ್ ಒಂದರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬವರೊಡನೆ ಪೋಲೀಸರ ಗುಂಡಿಗೆ ಎದೆಯೊಡ್ಡಿದರು. ಅವರ ಊರಿನ ಬಯಲಿನಲ್ಲಿ ನಿಂತು ಓಡುವ ಚಿಗರಿಗೆ ಗುಂಡು ಹಾರಿಸುವದನ್ನು ವೀರವೃತ್ತಿಯೆಂದು ಕರೆಯುವ ನಾಲಗೆಗೆ ನಾವು ಏನು ಹೇಳೋಣ?

ಹಾಗಾದರೆ ಬಂದೂಕು ಯಾರ ಕೈಯಲ್ಲಿರಬೇಕು, ಅಭ್ಯಾಸ ಯಾರಿಗೆ ಬೇಕು? ಬೆಳೆಯ ರಕ್ಷಣೆಗಾಗಿ ಪರವಾನಗಿ ಪಡೆದ ಒಕ್ಕಲಿಗನಿಗೆ ಬೇಕು. ಅವನ ಮನೆಯಲ್ಲಿ ಅಪ್ಪನ ಕಾಲದ ಒಂಟಿ ನಳಿಗೆಯ ಬಂದೂಕು ಇರುತ್ತದೆ. ಅದು ಹೆಚ್ಚಾಗಿ ಮೂಲೆಯಲ್ಲಿ ನಿಂತಿರುವದು. ಚುನಾವಣೆ ಬಂದಿತೆಂದರೆ ಠಾಣೆಗೆ ಒಯ್ದು ಇಡುವದು, ಮುಗಿದ ಮೇಲೆ ಎರಡು ದಿನದ ಕೂಲಿ ಬಿಟ್ಟು ಹೋಗಿ ತರುವದು. ತೋಟೆಯ ಬೆಲೆಯಂತೂ ಕೇಳಬಾರದು. ಇಂಥವನು ಅಭ್ಯಾಸಕ್ಕೆಂದು ಒಂದು ಗುಂಡನ್ನೂ ಹಾರಿಸಲಾರನು. ಮೊದಲ ಗುಂಡೇ ಕತ್ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ, ಸಿಟ್ಟಿನಲ್ಲಿ ಹೊರಡುವದು. ೨೦೧೬ರ ಶಸ್ತ್ರ ನಿಯಮಗಳಲ್ಲಿ ಪರವಾನಗಿ ಬೇಡುವವನು ಆಯುಧದ ಸುರಕ್ಷಿತ ಬಳಕೆಯ ಶಿಕ್ಷಣ ಪಡೆದಿರಬೇಕೆಂದು ಹೇಳಿದೆ. ಹೇಳಿದ್ದು ಸರಿ. ಆ ಶಿಕ್ಷಣವನ್ನು ಹಳ್ಳಿಯ ಬಾಗಿಲಿಗೆ ಒಯ್ಯುವವರಾರು? ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೋಲೀಸು ಖಾತೆಯವರು ನಾಗರಿಕ ಬಂದೂಕು ತರಬೇತಿಯ ಶಿಬಿರಗಳನ್ನು ನಡೆಸುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಶಿಬಿರವು ಜಿಲ್ಲೆಯ ಊರಿನಲ್ಲಿ, ಬಿತ್ತನೆಯ ದಿನಗಳಲ್ಲಿ ನಡೆದರೆ ಹೊಲ ಬಿಟ್ಟು ಬರುವವನಾರು? ಸುಗ್ಗಿ ಮುಗಿದ ಮೇಲೆ, ತಾಲೂಕಿನಲ್ಲಿಯೇ, ಒಡ್ಡು ಕಟ್ಟಿದ ಮೈದಾನದಲ್ಲಿ, ಬೆಳೆರಕ್ಷಣೆಯ ಪರವಾನಗಿದಾರರನ್ನು ಕರೆದು, ಸರಕಾರದ ತೋಟೆಯಿಂದಲೇ ಕಲಿಸಬೇಕು.

ಹಂದಿಯ ವಿಷಯದಲ್ಲಿ ಕಾಯಿದೆಯು ಕೈ ಕಟ್ಟಿಲ್ಲ. ಹೊಲದಲ್ಲಿ ನಿಂತ ಬೆಳೆಗೆ ಅಪಾಯ ಮಾಡುವ, ಎರಡನೆಯ ಪಟ್ಟಿಯ ಮೃಗವನ್ನು ಕೊಲ್ಲಲು ಅಧಿಕಾರಿಯು ಬರವಣಿಗೆಯಿಂದ ಅಪ್ಪಣೆ ಕೊಡಬಹುದೆಂದು ಅದರ ಹನ್ನೊಂದನೆಯ ಕಲಮಿನಲ್ಲಿಯೇ ಇದೆ. ನೆರೆಯ ಕೇರಳದವರು ೨೦೨೨ರಲ್ಲಿ ಈ ಅಧಿಕಾರವನ್ನು ಗ್ರಾಮ ಪಂಚಾಯತಿಗಳ ಅಧ್ಯಕ್ಷರ ಮಟ್ಟಕ್ಕೆ ಇಳಿಸಿದರು. ಅಲ್ಲಿ ಗುಂಡು ಹಾರಿಸುವವರು ಪರವಾನಗಿಯಿದ್ದು ಹೆಸರು ನೋಂದಿಸಿದವರು, ಹಾರಿಸಿದ್ದಕ್ಕೆ ಲೆಕ್ಕವುಂಟು. ನಮ್ಮಲ್ಲಿಯೂ ಕೈ ಪಳಗಿದ ನಾಲ್ಕು ಜನ ಪ್ರತಿ ಹೋಬಳಿಯಲ್ಲಿ ಇದ್ದು, ಅಧಿಕಾರಿಯ ಅಪ್ಪಣೆಯಂತೆ, ಅವನ ಕಣ್ಣೆದುರಿಗೆ ಹಂದಿಯ ಉಪದ್ರವವನ್ನು ತಗ್ಗಿಸಿದರೆ, ಸಿಡಿಮದ್ದಿನ ಉಂಡೆಯನ್ನು ಹೊಲದಲ್ಲಿಟ್ಟು ಹಂದಿಯ ಜೊತೆಗೆ ನೆರೆಯವನ ಎಮ್ಮೆಯ ದವಡೆಯನ್ನೂ ಹಾರಿಸುವ ಹೇಸಿ ಕೆಲಸವು ನಿಲ್ಲಬಹುದು. ಚಿಗರಿಗೆ ಮಾತ್ರ ಈ ದಾರಿ ಸಲ್ಲದು. ಅದಕ್ಕೆ ನೀಲಗಿರಿಯನ್ನು ತೆಗೆದು ಹುಲ್ಲು ಬೆಳೆಸಬೇಕು, ಮೇಯ್ದ ಹೊಲಕ್ಕೆ ಪರಿಹಾರವನ್ನು ಮುಂದಿನ ಬಿತ್ತನೆಯ ಒಳಗಾಗಿ ಕೊಡಬೇಕು.

ಗುರಿಯ ವಿದ್ಯೆಯನ್ನೇ ಮೆಚ್ಚುವ ತರುಣರಿಗೆ ಬೇರೆ ದಾರಿ ತೆರೆದಿದೆ. ಅಭಿನವ ಬಿಂದ್ರಾ ೨೦೦೮ರಲ್ಲಿ ಬೀಜಿಂಗದಲ್ಲಿ ಚಿನ್ನ ಗೆದ್ದದ್ದು ಹತ್ತು ಮೀಟರು ದೂರದ ಕಾಗದದ ಚುಕ್ಕೆಯಿಂದ. ಬೆಂಗಳೂರಿನ ಪ್ರಕಾಶ ನಂಜಪ್ಪನವರು ೨೦೧೬ರ ರಿಯೋ ಒಲಿಂಪಿಕ್ಕಿಗೆ ಹೋದದ್ದೂ ಗುರಿಯ ಬಲದಿಂದ. ಎನ್.ಸಿ.ಸಿ.ಯ ವಿದ್ಯಾರ್ಥಿಗೆ ಇಪ್ಪತ್ತೆರಡರ ರೈಫಲು ಕಲಿಸುತ್ತಾರೆ. ಕಾಲೇಜಿನ ಹುಡುಗರು ಅಲ್ಲಿ ಸೇರಲಿ. ಚುಕ್ಕೆಯು ಓಡಿಹೋಗಿ ಪೊದೆಯಲ್ಲಿ ನರಳುವದಿಲ್ಲ. ತಪ್ಪಿದ ಗುಂಡಿನ ಲೆಕ್ಕವು ಕಾಗದದ ಮೇಲೆಯೇ ಸಿಕ್ಕುತ್ತದೆ.

ಹಾವೇರಿಯ ಜಿಲ್ಲಾಧಿಕಾರಿಗಳಿಗೂ ಪೋಲೀಸು ವರಿಷ್ಠರಿಗೂ ನಮ್ಮ ಬೇಡಿಕೆಗಳು ಎರಡು. ಬರುವ ಸುಗ್ಗಿಯ ತರುವಾಯ ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಪರವಾನಗಿದಾರ ಒಕ್ಕಲಿಗರ ತರಬೇತಿಯನ್ನು ಗೊತ್ತುಪಡಿಸಿ ದಿನವನ್ನು ಡಂಗುರ ಹೊಡೆಯಿಸಬೇಕು. ಅದಕ್ಕಿಂತ ಮೊದಲು, ಅಭಯಧಾಮದ ಸುತ್ತಿನ ಬಯಲುಗಳಲ್ಲಿ ಯಾರ ಕೈಯ ರೈಫಲು ಯಾವ ಕಾರಣಕ್ಕಾಗಿ ಹಾರುತ್ತದೆಂದು, ಪರವಾನಗಿಯ ಪುಸ್ತಕವನ್ನೂ ಕೊಂಡ ತೋಟೆಗಳ ಲೆಕ್ಕವನ್ನೂ ಎದುರಿಗಿಟ್ಟುಕೊಂಡು ವಿಚಾರಿಸಬೇಕು. ಹಾಗೆ ವಿಚಾರಿಸುವಾಗ ಜೀಪಿನ ಒಡೆಯನ ಹೆಸರು ಎಷ್ಟು ದೊಡ್ಡದೆಂದು ನೋಡದೆ ತೋಟೆಗಳನ್ನು ಎಣಿಸಬೇಕೆಂದು ಕೇಳಿಕೊಳ್ಳುತ್ತೇವೆ.